ಮುನ್ನೂರು ಅಂಕಿಯ ಬಾಗಿಲು

ಕೆಂಗುಡ್ಡ ಗಣಿಯ ಒಳಗಿನ ಆ ಬಾಗಿಲಿಗೆ ಕೀಲಿಯ ತೂತೇ ಇರಲಿಲ್ಲ. ಅದೇ ಅದರ ಹೆಚ್ಚುಗಾರಿಕೆ ಎಂದು ಬೀಗದ ಕಂಪನಿಯವರು ಉಬ್ಬಿ ಉಬ್ಬಿ ಹೇಳಿದ್ದರು. ತೂತಿದ್ದರಲ್ಲವೇ ಯಾರಾದರೂ ಕಳ್ಳಕೀಲಿ ಹಾಕುವುದು? ಎಂಟುನೂರು ಅಡಿ ಆಳದಲ್ಲಿ, ಹಳೇ ಶಾಫ್ಟಿಗೂ ಹೊಸ ಶಾಫ್ಟಿಗೂ ನಡುವಿನ ಸುರಂಗದಲ್ಲಿ ಎರಡಡಿ ದಪ್ಪದ ಉಕ್ಕಿನ ಬಾಗಿಲು. ಅದರ ಮೈಮೇಲೆ ಹಿತ್ತಾಳೆಯಲ್ಲಿ ಎರಕ ಹೊಯ್ದ ಒಂದೇ ಒಂದು ಸಂಖ್ಯೆ. ಮುನ್ನೂರು ಅಂಕಿ! ಹೋಗುವವರು ಬರುವವರು ಯಾರು ಬೇಕಾದರೂ ಓದಬಹುದು, ಮನಸ್ಸು ಬಂದರೆ ಬರೆದುಕೊಂಡು ಮನೆಗೂ ಒಯ್ಯಬಹುದು. ಊರಿಗೆಲ್ಲ ತೋರಿಸಿ ಇಟ್ಟ ಗುಟ್ಟು ಅದು.

ಆ ಸಂಖ್ಯೆ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಒಂದೊಂದೂ ನೂರೈವತ್ತು ಅಂಕಿಯದು. ಹದಿನೈದನ್ನು ಕೊಟ್ಟರೆ ಮೂರೈದ್ಲೆ ಎಂದು ಸಾಲೆಯ ಕೂಸೂ ಒಡೆದು ಹೇಳುತ್ತದೆ. ಆದರೆ ಮುನ್ನೂರು ಅಂಕಿಯದನ್ನು ಕೊಟ್ಟು ಒಡೆ ನೋಡೋಣ ಎಂದರೆ ದೇಶದ ಯಂತ್ರಗಳೆಲ್ಲ ಕೂಡಿ ನೂರು ವರ್ಷ ತಿಣುಕಿದರೂ ಆಗದು. ಗುಣಿಸುವುದು ಸಲೀಸು, ಒಡೆಯುವುದು ಅಸಾಧ್ಯ. ಬಾಗಿಲು ಮಾಡುತ್ತಿದ್ದುದು ಇಷ್ಟೇ: ಯಾರಾದರೂ ಎರಡು ಸಂಖ್ಯೆ ಕೊಟ್ಟರೆ ಗುಣಿಸಿ, ತನ್ನ ಮೈಮೇಲಿನ ಸಂಖ್ಯೆ ಬಂದರೆ ತೆರೆಯುವುದು, ಬರದಿದ್ದರೆ ಸುಮ್ಮನಿರುವುದು.

ಇಂಥ ಸೊಗಸಿನ ಬಾಗಿಲು ಕೆಂಗುಡ್ಡಕ್ಕೆ ಬಂದದ್ದು ಜಗಳದಿಂದ. ಹಿಂದೆ ಒಮ್ಮೆ ಹಳೇ ಶಾಫ್ಟಿನವರು ತಮ್ಮ ಕಡೆ ನುಗ್ಗಿದ ನೀರನ್ನು ರಾತ್ರೋರಾತ್ರಿ ಹೊಸ ಶಾಫ್ಟಿನ ಕಡೆಗೆ ಬಿಟ್ಟು ಅವರ ಪಂಪುಗಳನ್ನೆಲ್ಲ ಮುಳುಗಿಸಿದ್ದರು. ಆಮೇಲೆ ಹೊಡೆದಾಟ, ಮುಷ್ಕರ, ರಾಜಿ. ಕೊನೆಗೆ ಎರಡೂ ಕಡೆಯ ಸಂಘದವರು ಒಂದು ಮಾತಿಗೆ ಒಪ್ಪಿದರು: ನೀರು ಬಂದಾಗ ಬಾಗಿಲು ತಾನಾಗಿ ಮುಚ್ಚಲಿ, ತೆರೆಯಬೇಕಾದರೆ ಮಾತ್ರ ಇಬ್ಬರೂ ಒಪ್ಪಲೇಬೇಕು. ಹಾಗಾಗಿ ಒಂದು ಸಂಖ್ಯೆ ಹಳೇ ಶಾಫ್ಟಿನ ಕಂಟ್ರೋಲ್ ರೂಮಿನ ಮಹಾನಂದಾಳಿಗೆ, ಇನ್ನೊಂದು ಹೊಸ ಶಾಫ್ಟಿನ ತಾಯಪ್ಪನಿಗೆ.

ತರಬೇತಿ ಕೊಡಲು ಬಂದವನು ಬೀಗದ ವಿನ್ಯಾಸಕಾರ ಕುಲಶೇಖರ. ಬಿಳಿ ಅಂಗಿಗೆ ಒಂದು ಕಲೆ ಇಲ್ಲ, ಮಾತಿಗೆ ಒಂದು ತಡೆ ಇಲ್ಲ. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಹೇಳಿದ: "ನೋಡಿ, ನಿಮ್ಮ ಹತ್ರ ಅರ್ಧ, ಅವರ ಹತ್ರ ಅರ್ಧ. ಎರಡು ಅರ್ಧ ಸೇರಿದ್ರೇನೇ ಕೀಲಿ. ಬಾಯಿಪಾಠ ಮಾಡ್ಕೊಳ್ಳಿ. ಯಾವತ್ತೂ, ಯಾವ ಕಾರಣಕ್ಕೂ, ಕಾಗದದ ಮೇಲೆ ಬರೀಬಾರದು. ನಾವೂ ಎಲ್ಲೂ ಬರೆದಿಟ್ಟಿಲ್ಲ."

ಅರ್ಧ! ಎಂಥ ಮಾತು ಅದು. ಹರಿದ ರೊಟ್ಟಿಯ ಅರ್ಧ ಕೈಯಲ್ಲಿದ್ದರೆ ಇನ್ನರ್ಧ ಎಲ್ಲಿದೆಯೋ ಯಾರಿಗೆ ಗೊತ್ತು? ಮಹಾನಂದಾ ಹಾಗೆಯೇ ತಿಳಿದಳು. ಊರಿಗೂರೇ ಹಾಗೆ ತಿಳಿಯಿತು. ಇಬ್ಬರಿಗೂ 'ಅರ್ಧದವರು' ಎಂದೇ ಹೆಸರು ಬಿತ್ತು.

ತರಬೇತಿಯಲ್ಲಿ ಇಬ್ಬರಿಗೂ ಹೇಳಿಕೊಟ್ಟಂತೆ ಅವಳು ತನ್ನ ಸಂಖ್ಯೆಯನ್ನು ಸಾಲಿಗೆ ಹದಿನೈದು ಅಂಕಿಯಂತೆ ಹತ್ತು ಸಾಲು ಮಾಡಿ, ಮಗ್ಗಿಯ ಧಾಟಿಗೆ ಕೂಡಿಸಿ ಬಾಯಿಪಾಠ ಮಾಡಿದಳು. ಮೂರು ತಿಂಗಳಲ್ಲಿ ಅದು ಸಂಖ್ಯೆಯಾಗಿ ಉಳಿಯಲೇ ಇಲ್ಲ, ಹಾಡಾಯಿತು. ರೊಟ್ಟಿ ಬಡಿಯುವಾಗ ಅಂಕಿಗಳನ್ನು ನುಂಗಿ ಬರೇ ಧಾಟಿಯನ್ನು ಗುನುಗುತ್ತಿದ್ದಳು. ಗಂಡ ಮೌನೇಶ ಹಳೇ ಶಾಫ್ಟಿನಲ್ಲಿ ಬಂಡೆ ಕೊರೆಯುವವನು. ಅವನಿಗೆ ಅದೊಂದು ಚೇಷ್ಟೆ.

"ಏ ಅರ್ಧಾ, ಗುಟ್ಟು ರೊಟ್ಟಿಗುಂಟ ಹೊಂಟೈತಿ ನೋಡು. ನಾ ತಿಂದ್ರ ನನಗೂ ಗೊತ್ತಾಕ್ಕೈತಿ."

"ತಿನ್ನು. ನಿನ್ನ ತಲಿಗಿ ಅದು ಹತ್ತೂದು ಅಷ್ಟ್ರಾಗ ಐತಿ" ಎನ್ನುತ್ತಿದ್ದಳು ಅವಳು.

ಆ ಹೆಸರು ಅವನ ಬಾಯಲ್ಲಿ ನಿಂತೇಬಿಟ್ಟಿತು. ಅರ್ಧಾ, ಚಾ ಐತೇನು? ಅರ್ಧಾ, ನನ್ನ ಬೂಟ್ ಎಲ್ಲಿ? ಮಾವ ಅಂಬಣ್ಣ ಮಾಸ್ತರರ ಎದುರಿಗೂ ಹಾಗೆಯೇ ಕರೆಯುತ್ತಿದ್ದ. ಅವಳು ನಾಚಿ ಅಡುಗೆಮನೆ ಸೇರುತ್ತಿದ್ದಳು.

ಅದು ನಡೆದದ್ದು ಒಂದು ಬುಧವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಹಳೇ ಶಾಫ್ಟಿನ ಒಂದು ಗೋಡೆ ಒಡೆದು, ಹಿಂದೆ ಯಾವ ಕಾಲದಲ್ಲೋ ತುಂಬಿ ನಿಂತಿದ್ದ ನೀರು ನುಗ್ಗಿತು. ಬಾಗಿಲು ಹೇಳಿಕೊಟ್ಟ ಹಾಗೆ ತಾನೇ ಮುಚ್ಚಿತು. ಒಂಬತ್ತು ಮಂದಿ ಅದರ ಈಚೆಗೆ, ಹಳೇ ಕಡೆ ಉಳಿದರು. ಹಿಂದೆ ನೀರು, ಮುಂದೆ ಬಾಗಿಲು. ಸುರಂಗ ಬಾಗಿಲಿನ ಕಡೆಗೆ ಏರಿದ್ದರಿಂದ ನೀರು ಅವರನ್ನು ಮುಟ್ಟಲು ಹೊತ್ತು ಬೇಕಿತ್ತು. ಬಾಗಿಲು ತೆರೆದರೆ ಅವರು ನಡೆದೇ ಹೊಸ ಶಾಫ್ಟಿಗೆ ಹೋಗಿ ಲಿಫ್ಟು ಹತ್ತಬಹುದಿತ್ತು. ಒಂಬತ್ತರಲ್ಲಿ ಒಬ್ಬ ಮೌನೇಶ.

ಕಂಟ್ರೋಲ್ ರೂಮಿನ ಗೋಡೆಯ ಮೇಲೆ ಬಾಗಿಲಿನ ಸಂಖ್ಯೆಯ ಅಚ್ಚು, ಮಹಾನಂದಾಳ ಮುಂದಿನ ಫಲಕದಲ್ಲಿ ಎರಡು ಖಾನೆಗಳು. 'ನಿಮ್ಮ ಸಂಖ್ಯೆ', 'ಎದುರಿನವರ ಸಂಖ್ಯೆ'. ತಾಯಪ್ಪನ ಕಡೆಯೂ ಅಂಥದೇ ಫಲಕ. ಇಬ್ಬರೂ ತಂತಮ್ಮದನ್ನು ಒತ್ತಿದರೆ ಸಾಕು, ಬಾಗಿಲು ಗುಣಿಸಿಕೊಳ್ಳುತ್ತಿತ್ತು. ಅವಳು ನೂರೈವತ್ತೂ ಅಂಕಿಯನ್ನು ಒಂದು ತಪ್ಪಿಲ್ಲದೆ ಒತ್ತಿದಳು. ನಾಲ್ಕು ನಿಮಿಷ ಹಿಡಿಯಿತು. ಹಾಡು ತಾನಾಗಿ ಬಂತು.

ತಾಯಪ್ಪ ಒತ್ತಿದ. ತಪ್ಪು. ಮತ್ತೆ ಒತ್ತಿದ. ತಪ್ಪು. ಫೋನಿನಲ್ಲಿ ಅವನ ಉಸಿರು ಕೇಳುತ್ತಿತ್ತು.

"ಅಕ್ಕಾ, ಆರನೇ ಸಾಲು ಬರವಲ್ದು. ಐದು ಬರ್ತದ, ಏಳು ಬರ್ತದ, ಆರು ಬರವಲ್ದು!"

"ತಾಯಪ್ಪಾ, ಕಣ್ ಮುಚ್ಚು. ಮೊದಲಿಂದ ಹೇಳು. ಸಾವಕಾಶ ಹೇಳೋ ನಮ್ಮಪ್ಪ."

ಮೂರನೆಯ ಸಲವೂ ತಪ್ಪಾಯಿತು. ಮೂರು ತಪ್ಪಿಗೆ ಅವನ ಕಡೆಯ ಫಲಕ ಹನ್ನೆರಡು ತಾಸು ಸತ್ತಂತೆ ಮಲಗುವುದು ನಿಯಮ, ಮಲಗಿತು. ಆಮೇಲೆ ಫೋನಿಗೆ ಬಂದವನು ಬೇರೆ ಯಾರೋ: "ತಾಯಪ್ಪ ಬಿದ್ದುಬಿಟ್ಟಾನ್ರೀ, ಮಾತಿಲ್ಲ. ದವಾಖಾನಿಗಿ ಒಯ್ಯಾಕ ಹತ್ತೇವ್ರಿ." ಅವನಿಗೆ ಎಚ್ಚರವಾದದ್ದು ಮಾರನೆಯ ದಿನ.

ಮ್ಯಾನೇಜರು ಬೀಗದ ಕಂಪನಿಗೆ ಫೋನ್ ಹಚ್ಚಿದ. ಕುಲಶೇಖರನ ಧ್ವನಿ ಕೋಣೆಗೆಲ್ಲ ಕೇಳಿತು. "ತುಂಬಾ ದುಃಖದ ವಿಷಯ. ಆದ್ರೆ ಆ ಸಂಖ್ಯೆ ನಮ್ಮಲ್ಲಿ ಇಲ್ಲ. ಎಲ್ಲೂ ಇಲ್ಲ. ಅದೇ ಇದರ ಭದ್ರತೆ." ಬಾಗಿಲು ಕತ್ತರಿಸುವ ಯಂತ್ರ ಜಿಲ್ಲೆಯ ಆಚೆಯಿಂದ ಹೊರಟಿತ್ತು, ಅದು ಬಂದು, ಇಳಿದು, ಎರಡಡಿ ಉಕ್ಕು ಕತ್ತರಿಸಲು ಒಂದೂವರೆ ದಿನ ಬೇಕಿತ್ತು.

ಗಾಳಿಯ ಪೈಪಿಗೆ ಕಿವಿ ಕೊಟ್ಟರೆ ಕೆಳಗಿನವರು ಬಡಿಯುವುದು ಕೇಳುತ್ತಿತ್ತು. ಟಣ್ ಟಣ್ ಟಣ್. ಅಂದರೆ ಇನ್ನೂ ಇದ್ದೇವೆ ಎಂದು. ಮಹಾನಂದಾ ಫಲಕದ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. 'ಎದುರಿನವರ ಸಂಖ್ಯೆ' ಎಂಬ ಖಾನೆ ಖಾಲಿ ಮಿನುಗುತ್ತಲೇ ಇತ್ತು. ಬೆಳಿಗ್ಗೆ ಹತ್ತರಿಂದ ಕತ್ತಲಾಗಿ ಒಂಬತ್ತರವರೆಗೆ ಬಡಿತ ಕೇಳಿತು, ಹನ್ನೊಂದು ತಾಸು. ಆಮೇಲೆ ಕೇಳಲಿಲ್ಲ.

ಒಂದು ವರ್ಷ ಆಯಿತು. ವಿಚಾರಣಾ ಆಯೋಗ ಕೂತಿತು. ತಾಯಪ್ಪ ಬೇಕೆಂದೇ ಮರೆತಂತೆ ನಟಿಸಿದ, ಹೊಸ ಶಾಫ್ಟಿನ ಪಂಪು ಉಳಿಸಿಕೊಳ್ಳಲು ಒಂಬತ್ತು ಜೀವ ತಿಂದ ಎಂದು ಹಳೇ ಕಡೆಯವರು ಕೊಲೆ ಕೇಸು ಹಾಕಿಸಿದ್ದರು. ಅವನ ಮನೆಯ ಮೇಲೆ ಕಲ್ಲು ಬಿದ್ದವು. ಹೆಂಡತಿ ನೀರಿಗೆ ಹೋದರೆ ನಲ್ಲಿಯ ಹತ್ತಿರ ಯಾರೂ ಜಾಗ ಬಿಡುತ್ತಿರಲಿಲ್ಲ. ಅವತ್ತು ಹಳೇ ಕಡೆಯಲ್ಲಿ ಅವನ ಧ್ವನಿ ಕೇಳಿದವಳು ಮಹಾನಂದಾ ಒಬ್ಬಳೇ. ಅವನ ಕೊರಳು ಅವಳ ನಾಲಿಗೆಯ ತುದಿಯಲ್ಲಿತ್ತು.

ಸತ್ತವರ ಮನೆಯವರ ವಕೀಲರು ಮನೆಗೇ ಬಂದರು. ಚಾ ಕುಡಿದು, ಕಪ್ಪು ಕೆಳಗಿಟ್ಟು ಹೇಳಿದರು: "ಮುಂದಿನ ತಿಂಗಳು ನಿಮ್ಮ ಸಾಕ್ಷಿ ಅಕ್ಕಾರ. ಒಂದ ಮಾತು ಸಾಕು. ಅವ ನಾಟಕ ಮಾಡ್ದ, ದನಿ ಕೇಳಿದ್ರ ತಿಳೀತಿತ್ತು ಅಂತ ಹೇಳ್ರಿ. ಉಳಿದದ್ದು ನನಗ ಬಿಡ್ರಿ."

"ಹೇಳ್ತೀನ್ರಿ" ಎಂದಳು ಮಹಾನಂದಾ. ಒಂದು ಚಣವೂ ಯೋಚಿಸಲಿಲ್ಲ.

ಅಂಬಣ್ಣ ಮಾಸ್ತರರು ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದರು. ನಲವತ್ತು ವರ್ಷ ಪ್ರಾಥಮಿಕ ಸಾಲೆಯಲ್ಲಿ ಲೆಕ್ಕ ಕಲಿಸಿದ ಮನುಷ್ಯ. ಕೆಂಗುಡ್ಡದಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದೆ ದೊಡ್ಡವರಾದವರು ಕಡಿಮೆ. ಮಗ ಹೋದ ಮೇಲೆ ಅವರ ಮಾತು ನಿಂತೇಹೋಗಿತ್ತು. ವಕೀಲರು ಹೋದ ಮೇಲೆ ಒಳಗೆ ಬಂದು ಕೇಳಿದರು.

"ಅವ ನಾಟಕ ಮಾಡ್ದ ಅಂತ ನಿನಗ ಖರೇನ ಗೊತ್ತೈತೇನವಾ?"

"ಗೊತ್ತಿಲ್ರಿ ಮಾವಾರ. ಆದ್ರ ಹೇಳ್ತೀನಿ."

"ಗೊತ್ತಿಲ್ಲದ್ದು ಹೇಳಬಾರದು. ಅವ ನನ್ನ ಕೈಯಾಗ ನಾಲ್ಕನೇತ್ತಾ ಕಲ್ತಾವ. ಏಳರ ಮಗ್ಗಿ ಅವನಿಗಿ ಎಂದೂ ಬರಲಿಲ್ಲ. ಏಳ್ ಏಳ್ಲೆ ಅಂದ್ರ ಬಾಯಿ ತಕ್ಕೊಂಡ್ ನಿಲ್ತಿದ್ದ. ಅಂಥವನಿಗಿ ನೂರೈವತ್ತು ಅಂಕಿ ಬಾಯಿಪಾಠ ಕೊಟ್ಟಾರ!"

"ಹಂಗಾರ ನಿಮ್ಮ ಮಗಾ?" ಎಂದಳು. "ಅವ ಹನ್ನೊಂದು ತಾಸು ಬಡದಾನ್ರಿ. ಅವನ ಸಲುವಾಗಿ ಯಾರರ ಒಬ್ರು ಸಾಯಬ್ಯಾಡೇನು?"

ಮಾಸ್ತರರು ಕನ್ನಡಕ ಹುಡುಕಿ ಹಾಕಿಕೊಂಡರು. ಆಮೇಲೆ ಎದ್ದು ಹೋಗಿ, ಆಯೋಗದವರು ಸತ್ತವರ ಮನೆಗಳಿಗೆಲ್ಲ ಹಂಚಿದ್ದ ಕಾಗದಗಳ ಕಟ್ಟು ತಂದರು. ಬಾಗಿಲಿನ ಸಂಖ್ಯೆ ಅದರಲ್ಲಿ ಅಚ್ಚಾಗಿತ್ತು. ತಾಯಪ್ಪ ಮೂರು ಸಲ ಒತ್ತಿದ ಅಂಕಿಗಳೂ ಇದ್ದವು. ಬಾಗಿಲು ಮುರಿದುಹೋದ ಮೇಲೆ ಗುಟ್ಟೇನು ಬಂತು ಎಂದು ಎಲ್ಲ ಅಚ್ಚು ಹಾಕಿಸಿದ್ದರು.

"ಅವ ಒತ್ತಿದ್ದು ಇಲ್ಲೈತಿ. ಅವನ ಖರೇ ಸಂಖ್ಯೆ ಯಾವುದು ಅಂತ ತಿಳದ್ರ, ಎಷ್ಟು ತಪ್ಪ್ಯಾನ, ಹೆಂಗ ತಪ್ಪ್ಯಾನ ನೋಡಬಹುದು. ಮರತಾವ ಒಂದು ನಮೂನಿ ತಪ್ತಾನ, ಸುಳ್ಳ ಹೇಳಾವ ಒಂದು ನಮೂನಿ. ನಲವತ್ತು ವರ್ಷ ಪೇಪರ್ ತಿದ್ದೀನಿ, ನನಗ ತಿಳೀತೈತಿ."

"ಅವನ ಸಂಖ್ಯೆ ಎಲ್ಲೂ ಇಲ್ಲಲ್ರಿ. ಕಂಪನ್ಯಾಗೂ ಇಲ್ಲ."

"ಗುಣಾಕಾರ ತಾಳೆ ನೋಡೂದು ಹೆಂಗ? ಭಾಗಿಸಿ ನೋಡೂದು. ನಿಂದು ಹೇಳು, ಬರಕೋತೀನಿ."

ಬಾಯಿಂದಾಚೆ ಎಂದೂ ಬಾರದಿದ್ದ ಹಾಡನ್ನು ಅವಳು ಮೊದಲ ಸಲ ಒಂದೊಂದೇ ಅಂಕಿಯಾಗಿ ಹೇಳಿದಳು. ಧಾಟಿ ಬಿಟ್ಟು ಹೇಳುವುದು ಎಷ್ಟು ಕಷ್ಟವಾಯಿತೆಂದರೆ ಎರಡು ಸಲ ತಡೆದು ಮತ್ತೆ ಮೊದಲಿನಿಂದ ಗುನುಗಬೇಕಾಯಿತು. ಮಾಸ್ತರರು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ ಉದ್ದ ಮಾಡಿ, ಅವುಗಳ ಬೆನ್ನ ಮೇಲೆ ಬರೆದುಕೊಂಡರು. ಮೊದಲು ಅವಳ ಸಂಖ್ಯೆಯ ಮಗ್ಗಿ, ಒಂದರಿಂದ ಒಂಬತ್ತರವರೆಗೆ. ಆಮೇಲೆ ಭಾಗಾಕಾರ. ನಾಲ್ಕನೆಯ ಇಯತ್ತೆಯ ಮಕ್ಕಳು ಮಾಡುವಂಥದೇ, ಉದ್ದ ಮಾತ್ರ ಜಾಸ್ತಿ. ಎಷ್ಟು ಸಲ ಹೋಗುತ್ತದೆ ನೋಡು, ಕಳೆ, ಮುಂದಿನ ಅಂಕಿ ಇಳಿಸು. ಎಷ್ಟು ಸಲ ಹೋಗುತ್ತದೆ ನೋಡು, ಕಳೆ, ಇಳಿಸು. ಕೂರುವಾಗ ಗಡಿಯಾರ ನೋಡಿ ಹಾಳೆಯ ಮೂಲೆಯಲ್ಲಿ ಹೊತ್ತು ಬರೆದಿಡುವುದು ಅವರ ಪರೀಕ್ಷಾ ಕಾಲದ ರೂಢಿ. ದಿನಕ್ಕೆ ಒಂದೋ ಎರಡೋ ತಾಸು, ಊಟವಾದ ಮೇಲೆ.

ಎರಡನೆಯ ದಿನ ಮೊದಲ ಹದಿನೈದು ಅಂಕಿ ಮುಗಿದವು. ಮಹಾನಂದಾ ತಾಯಪ್ಪನ ಕಾಗದ ತೆರೆದು ಓದುತ್ತ ಹೋದಳು, ಮಾವ ತಮ್ಮ ಹಾಳೆಯ ಮೇಲೆ ಬೆರಳಿಡುತ್ತ ಹೋದರು. ಹದಿನೈದೂ ಅಂಕಿ ಒಂದಕ್ಕೊಂದು ಕೂತವು. ತದ್ವತ್ತು.

"ಭಲೆ! ಬಂತು ನೋಡು!" ಮಾಸ್ತರರು ವರ್ಷದಲ್ಲಿ ಮೊದಲ ಸಲ ಮುಖ ಅರಳಿಸಿದರು. "ಅವನ ಸಂಖ್ಯೆ ನಮ್ಮ ಮನ್ಯಾಗ ಹುಟ್ಟಾಕ ಹತ್ತೈತಿ."

ಮಹಾನಂದಾ ಕೈಯಲ್ಲಿನ ಕಾಗದ ಕೆಳಗಿಟ್ಟಳು.

"ಮಾವಾರ, ಇದಕ್ಕ ಅವನ ಕಡಿಂದ ನಾವೇನರ ತಗೊಂಡೇವೇನ್ರಿ?"

"ಇಲ್ಲ. ನಿಂದು, ಬಾಗಲದ್ದು. ಅಷ್ಟ."

"ಬಾಗಲದ್ದು ನನ್ನ ಎದುರಿಗಿ ಗ್ವಾಡಿ ಮ್ಯಾಲ ಇತ್ತು. ನಂದು ನನ್ನ ಬಾಯಾಗ ಇತ್ತು. ಆವತ್ತೂ ಇತ್ತಲ್ರಿ."

ಮಾಸ್ತರರ ಮುಖ ನೋಡನೋಡುತ್ತ ಬೂದಿಯಾಯಿತು. ಅವರು ಲೆಕ್ಕದವರು, ಅವಳು ಮಾತು ಮುಗಿಸುವುದರೊಳಗೆ ಅವರಿಗೆ ಎಲ್ಲ ತಿಳಿದಿತ್ತು. ಅರ್ಧ ಎಂದದ್ದು ಅರ್ಧವಾಗಿರಲಿಲ್ಲ. ಗುಣಲಬ್ಧ ಕಣ್ಣೆದುರಿಗಿದ್ದಾಗ ಒಬ್ಬರ ಸಂಖ್ಯೆ ಇದ್ದವರಿಗೆ ಇಬ್ಬರದೂ ಇದ್ದ ಹಾಗೆಯೇ. ಫಲಕದ ಖಾಲಿ ಖಾನೆ ಅವಳ ಮೂಗಿನ ನೇರಕ್ಕೆ ಮಿನುಗುತ್ತಿತ್ತು. ಅವಳು ಕೈಕಟ್ಟಿ ಕೂತಿದ್ದಳು, ಅಯ್ಯೋ, ಹನ್ನೊಂದು ತಾಸು!

"ಸಾಕವಾ" ಎಂದು ಹಾಳೆ ಮಡಚಹೋದರು ಅವರು. "ಇದು ಬ್ಯಾಡ. ಒಲಿಗಿ ಹಾಕೂಣು. ಯಾರಿಗೂ ತಿಳೀದು."

"ಮುಗಸ್ರಿ" ಎಂದಳು. "ಪೂರಾ ಮುಗಸ್ರಿ. ಹೊತ್ತು ಬರಿಯೂದು ಬಿಡಬ್ಯಾಡ್ರಿ."

ಮತ್ತೆ ಆರು ದಿನ ಹಿಡಿಯಿತು. ಆರನೆಯ ಸಾಲು ಬಂದಾಗ ಅದರ ಕೊನೆಯ ಮೂರು ಅಂಕಿ ಏಳು, ನಾಲ್ಕು, ಏಳು. ತಾಯಪ್ಪ ಮೊದಲ ಸಲ ಒತ್ತಿದ್ದು ನಾಲ್ಕು, ಏಳು, ಏಳು. ಎರಡನೆಯ ಸಲ ಏಳು, ಏಳು, ನಾಲ್ಕು. ಎರಡು ಏಳು ಒಂದು ನಾಲ್ಕನ್ನು ಜೋಡಿಸಲು ಇರುವುದೇ ಮೂರು ದಾರಿ, ಉಳಿದಿದ್ದುದು ಒಂದೇ. ಮೂರನೆಯ ಸಲ ಅವನು ಗಾಬರಿಯಲ್ಲಿ ಮತ್ತೆ ಮೊದಲಿನದನ್ನೇ ಒತ್ತಿದ್ದ. ಉಳಿದ ಒಂಬತ್ತು ಸಾಲೂ ಮೂರೂ ಸಲವೂ ಸರಿ.

"ಸುಳ್ಳ ಹೇಳಾವ ಇಷ್ಟು ಸಮೀಪ ಬರೂದಿಲ್ಲ" ಎಂದರು ಮಾಸ್ತರರು. "ಏಳು ಬಂದಲ್ಲಿ ಎಡವ್ಯಾನ ನನ್ನ ಮಗ. ಸಾಲ್ಯಾಗ ಎಡವಿಧಾಂಗ."

ಕೊನೆಯ ಕಳೆಯುವಿಕೆ ಮುಗಿದಾಗ ಶೇಷ ಸೊನ್ನೆ ಬಂತು. ಹಾಳೆಯ ಮೂಲೆಯ ಹೊತ್ತುಗಳನ್ನೆಲ್ಲ ಕೂಡಿಸಿದರು. ಒಂಬತ್ತೂವರೆ ತಾಸು. ಎಪ್ಪತ್ತೆಂಟು ವರ್ಷದ ಮುದುಕ, ಕನ್ನಡಕದ ಒಂದು ಗಾಜು ಸೀಳಿದೆ, ಪೆನ್ಸಿಲು ಮೊಂಡು. ಒಂಬತ್ತೂವರೆ ತಾಸು.

ಆಯೋಗ ಕೂತದ್ದು ತಾಲೂಕಿನ ಟೌನ್ ಹಾಲಿನಲ್ಲಿ. ಹಳೇ ಕಡೆಯವರೆಲ್ಲ ಬಂದಿದ್ದರು. ತಾಯಪ್ಪ ಪೊಲೀಸರ ನಡುವೆ ತಲೆ ತಗ್ಗಿಸಿ ಕೂತಿದ್ದ, ಅರ್ಧಕ್ಕರ್ಧ ಇಳಿದುಹೋಗಿದ್ದ. ವಕೀಲರು ಮೀಸೆ ತಿರುವಿ ಎದ್ದು ಕೇಳಿದರು: "ಆ ದಿನ ಫೋನಿನ್ಯಾಗ ಅವನ ದನಿ ಹೆಂಗಿತ್ತು ಹೇಳ್ರಿ."

"ಅವ ಸುಳ್ಳು ಹೇಳಿಲ್ಲ. ಮರತಾನ" ಎಂದಳು ಮಹಾನಂದಾ.

ಹಾಲಿನಲ್ಲಿ ಗದ್ದಲ ಎದ್ದಿತು. ಯಾರೋ ಹೆಂಗಸು "ಎಷ್ಟ್ ತಿಂದಿ ಅವನ ಕಡಿಂದ?" ಎಂದು ಕೂಗಿದಳು. ಮಹಾನಂದಾ ಕ್ಯಾಲೆಂಡರಿನ ಹಾಳೆಗಳ ಸುರುಳಿಯನ್ನು ನ್ಯಾಯಮೂರ್ತಿಗಳ ಮೇಜಿನ ಮೇಲೆ ಬಿಚ್ಚಿದಳು. ಅದು ಮೇಜು ದಾಟಿ ನೆಲಕ್ಕೆ ಇಳಿಯಿತು. ಮೂರು ಪ್ರಯತ್ನ ಹೇಗೆ ತಪ್ಪಿದವು ಎಂದು ತೋರಿಸಿದಳು. ಆಮೇಲೆ, ಯಾರೂ ಕೇಳದಿದ್ದರೂ, ಉಳಿದದ್ದನ್ನೂ ಹೇಳಿದಳು. ಬಾಗಿಲು ತೆರೆಯಲು ತಾಯಪ್ಪ ಬೇಕೇ ಇರಲಿಲ್ಲ ಎಂದು. ತನ್ನೊಬ್ಬಳ ಹತ್ತಿರವೇ ಎಲ್ಲ ಇತ್ತು ಎಂದು. ತನಗೆ ಅದು ಹೊಳೆಯಲಿಲ್ಲ ಎಂದು.

ನ್ಯಾಯಮೂರ್ತಿಗಳು ಕನ್ನಡಕ ತೆಗೆದು, ಕಂಪನಿಯವರ ಸಾಲಿನಲ್ಲಿ ಕೂತಿದ್ದ ಕುಲಶೇಖರನ ಕಡೆ ತಿರುಗಿದರು. "ಇವರು ಹೇಳ್ತಿರೋದು ನಿಜವೇ?"

"ಗಣಿತದ ದೃಷ್ಟಿಯಿಂದ ನಿಜ, ಸ್ವಾಮಿ. ಕೈಯಲ್ಲಿ ಮಾಡೋ ಅಗತ್ಯವೂ ಇರಲಿಲ್ಲ. ಅವರ ಮೇಜಿನ ಮೇಲಿದ್ದ ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ."

ಮಹಾನಂದಾ ಕಟಕಟೆಯ ಕಂಬ ಹಿಡಿದುಕೊಂಡಳು. "ಆವತ್ತು ಮ್ಯಾನೇಜರು ನಿಮಗ ಫೋನ್ ಮಾಡಿದ್ರು. ಆ ಸಂಖ್ಯೆ ನಮ್ಮಲ್ಲಿ ಇಲ್ಲ ಅಂದ್ರಿ. ನಾ ಅಲ್ಲೇ ಇದ್ದೆ."

"ಇರಲಿಲ್ಲ. ಅದು ಸತ್ಯ."

"ಭಾಗಿಸಿದ್ರ ಬರ್ತೈತಿ ಅಂತ ಗೊತ್ತಿತ್ತು."

"ಅದು ಗಣಿತ ಕಲಿತ ಎಲ್ಲರಿಗೂ ಗೊತ್ತಿರೋ ವಿಷಯ, ಮೇಡಂ."

"ಹಾಗಿದ್ದ ಮೇಲೆ ಯಾಕೆ ಹೇಳಲಿಲ್ಲ?" ಎಂದರು ನ್ಯಾಯಮೂರ್ತಿಗಳು.

ಕುಲಶೇಖರ ಅಂಗಿಯ ತೋಳು ಸರಿಮಾಡಿಕೊಂಡ. "ಅವರು ಕೇಳಿದ್ದು ಸಂಖ್ಯೆ ಇದೆಯಾ ಅಂತ. ಕಂಡುಹಿಡಿಯೋ ದಾರಿ ಇದೆಯಾ ಅಂತ ಯಾರೂ ಕೇಳಲಿಲ್ಲ. ಈ ಬೀಗ ಇನ್ನೂರ ಹದಿನಾಲ್ಕು ಕಡೆ ಇದೆ, ಸ್ವಾಮಿ. ಅಣೆಕಟ್ಟು, ಖಜಾನೆ, ಆಯುಧದ ಉಗ್ರಾಣ. ಒಬ್ಬರೇ ತೆಗೀಬಹುದು ಅಂತ ತುಂಬಿದ ಕೋಣೆಗೆ ಫೋನಿನಲ್ಲಿ ಹೇಳಿಬಿಟ್ರೆ ಅಷ್ಟೂ ಕಡೆ ಭದ್ರತೆ ಹೋಯ್ತು. ಆಪರೇಟರುಗಳಿಗೆ ಅಷ್ಟು ದೂರ ಯೋಚನೆ ಹೋಗಲ್ಲ ಅನ್ನೋದು ವಿನ್ಯಾಸ ಮಾಡುವಾಗ ನಾವು ಇಟ್ಟುಕೊಂಡ ಒಂದು ಅಂದಾಜು. ಅದಕ್ಕೇ ಬರೀಬೇಡಿ ಅನ್ನೋದು. ಬರೆದ್ರೆ ಲೆಕ್ಕ ಮಾಡ್ಬೇಕು ಅನ್ಸುತ್ತೆ."

"ಅಂದ್ರ ನಾವು ದಡ್ಡರು ಅನ್ನೂದ ನಿಮ್ಮ ಕೀಲಿ" ಎಂದಳು ಮಹಾನಂದಾ. "ಹಿತ್ತಾಳಿ ಅಲ್ಲ, ಉಕ್ಕು ಅಲ್ಲ."

ಸಾಕ್ಷಿ ಪ್ರಶ್ನೆ ಕೇಳುವ ಹಾಗಿಲ್ಲ ಎಂದು ಕಂಪನಿಯ ವಕೀಲ ಎದ್ದು ನಿಂತ. ಆ ಮಾತನ್ನು ಕಡತದಿಂದ ತೆಗೆಯಲಾಯಿತು.

ಮೂರು ತಿಂಗಳಿಗೆ ವರದಿ ಬಂತು. ನಾನೂರು ಪುಟ. ಮಾಸ್ತರರು ಕಟ್ಟೆಯ ಮೇಲೆ ಕೂತು ಬೇಕಾದಷ್ಟನ್ನೇ ಓದಿ ಹೇಳಿದರು. ತಾಯಪ್ಪನದು ಸಹಜ ಮರೆವು, ದೋಷವಿಲ್ಲ. ಕಂಪನಿಯು ಕೇಳಿದ ಪ್ರಶ್ನೆಗೆ ಸತ್ಯವಾದ ಉತ್ತರ ಕೊಟ್ಟಿದೆ, ಕೇಳದ ಪ್ರಶ್ನೆಗೆ ಉತ್ತರಿಸುವ ಹೊಣೆ ಅದರ ಮೇಲಿಲ್ಲ. 'ಬಾಗಿಲನ್ನು ತೆರೆಯಲು ಅಗತ್ಯವಾದ ಸಮಸ್ತ ಮಾಹಿತಿಯೂ ಹಳೇ ಶಾಫ್ಟಿನ ಆಪರೇಟರರ ಬಳಿ ಹನ್ನೊಂದು ಗಂಟೆಗಳ ಕಾಲ ಇದ್ದು, ಅವರು ಅದನ್ನು ಉಪಯೋಗಿಸಲು ವಿಫಲರಾಗಿರುವುದು ಅವರ ಸ್ವಂತ ಹೇಳಿಕೆಯಿಂದಲೇ ಸ್ಥಾಪಿತವಾಗಿದೆ.'

ದಡ್ಡಿ ಇರಲಿ ಎಂದು ಕೂರಿಸಿದವರು, ದಡ್ಡಿಯಾಗಿದ್ದಕ್ಕೆ ತಪ್ಪು ಹೊರಿಸಿದರು. ಅವಳ ಬಾಯಿಂದಲೇ ಬಂದ ಮಾತಿಗೆ ಅವಳದೇ ಸಹಿ.

ಕೆಲಸ ಹೋಯಿತು. ನಲ್ಲಿಯ ಹತ್ತಿರ ಈಗ ಜಾಗ ಬಿಡದಿದ್ದುದು ಮಹಾನಂದಾಳಿಗೆ. ಒಂಬತ್ತರಲ್ಲಿ ಎಂಟು ಮನೆಯವರು ಅವಳ ಮುಖ ನೋಡುವುದು ಬಿಟ್ಟರು. ಒಂಬತ್ತನೆಯದು ಅವಳದೇ ಮನೆ. ಗಣಿಗೆ ಹೊಸ ಬಾಗಿಲು ಬಂತು, ಅದೇ ಕಂಪನಿಯದು, ಆರುನೂರು ಅಂಕಿಯದು. ಹೊಸದಾಗಿ ಆಯ್ಕೆಯಾದ ಇಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಮೊದಲಿನಂತೆಯೇ ಹೇಳಿಕೊಟ್ಟರಂತೆ. ನಿಮ್ಮ ಹತ್ರ ಅರ್ಧ, ಅವರ ಹತ್ರ ಅರ್ಧ. ಜತೆಗೆ ಒಂದು ಹೊಸ ಮುಚ್ಚಳಿಕೆ ಬರೆಸಿಕೊಂಡರು: ಕೆಲಸದ ವೇಳೆ ಭಾಗಾಕಾರ ಮಾಡತಕ್ಕದ್ದಲ್ಲ. ಗಣಿಯ ಗುಮಾಸ್ತ ಇದನ್ನು ಹೇಳಿ ನಗಾಡಿದ, ಮಾಸ್ತರರು ನಗಲಿಲ್ಲ.

ಒಂದು ದಿನ ಮಧ್ಯಾಹ್ನ ಮಹಾನಂದಾ ಜೋಳ ಹಸನು ಮಾಡುತ್ತಿದ್ದಾಗ ಹೊಸ್ತಿಲ ಆಚೆ ಯಾರೋ ನಿಂತ ಹಾಗಾಯಿತು. ತಾಯಪ್ಪ. ಚಪ್ಪಲಿ ಕೈಯಲ್ಲಿ ಹಿಡಿದಿದ್ದ.

"ಅಕ್ಕಾ" ಎಂದ. "ಆರನೇ ಸಾಲು ನೆನಪಾತು."

ಅವಳು ಮೊರ ಕೆಳಗಿಟ್ಟಳು.

ಅವನು ಕಣ್ಣು ಮುಚ್ಚಿ, ಸಾಲೆಯಲ್ಲಿ ನಿಂತ ಹಾಗೆ ಕೈ ಕಟ್ಟಿ, ಮೊದಲಿನಿಂದ ಶುರುಮಾಡಿದ. ಒಂದನೆಯ ಸಾಲು, ಎರಡನೆಯದು. ಅವನದೂ ಮಗ್ಗಿಯ ಧಾಟಿಯೇ. ಇಬ್ಬರೂ ಒಬ್ಬರೇ ಮಾಸ್ತರರ ಕೈಯಲ್ಲಿ ಕಲಿತವರಲ್ಲವೇ. ಆರನೆಯ ಸಾಲಿಗೆ ಬಂದ. ಹನ್ನೆರಡು ಅಂಕಿ ದಾಟಿದ.

"ಏಳು. ನಾಕು. ಏಳು."

ಕಣ್ಣು ತೆರೆದ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ಮುಂದಿನ ಸಾಲು ಅವನ ಬಾಯಿಂದ ಹೊರಡಲಿಲ್ಲ. ಮಹಾನಂದಾ ಹೇಳಿದಳು. ಏಳನೆಯದು, ಎಂಟನೆಯದು, ಒಂಬತ್ತನೆಯದು. ಅವನದೂ ಅವಳಿಗೆ ಯಾವಾಗಲೋ ಬಾಯಿಪಾಠವಾಗಿತ್ತು. ರೊಟ್ಟಿ ಬಡಿಯುವಾಗ ಈಗ ಎರಡೂ ಬರುತ್ತಿದ್ದವು. ಹತ್ತನೆಯ ಸಾಲನ್ನು ಇಬ್ಬರೂ ಕೂಡಿಯೇ ಹೇಳಿ ಮುಗಿಸಿದರು. ಆಮೇಲೆ ಅವನು ಕೈ ಮುಗಿದು, ಚಪ್ಪಲಿ ಮೆಟ್ಟಿಕೊಳ್ಳದೆ ಬಿಸಿಲಲ್ಲಿ ಹೊರಟುಹೋದ.

ಒಳಗೆ ಮಂಚದ ಮೇಲೆ ಮಲಗಿದ್ದ ಮಾಸ್ತರರಿಗೆ ಇತ್ತೀಚೆಗೆ ಇಂದು ನಿನ್ನೆಗಳ ಪರಿವೆ ಅಷ್ಟಾಗಿ ಇರಲಿಲ್ಲ. ಹೊರಗೆ ಮಗ್ಗಿಯ ಧಾಟಿ ಕೇಳಿ, ಸಾಲೆ ನಡೆದಿದೆ ಎಂದುಕೊಂಡರೋ ಏನೋ, ಗಟ್ಟಿಯಾಗಿ ಕೇಳಿದರು.

"ತಾಳೆ ಆತೇನು?"

"ಆತ್ರಿ ಮಾವಾರ."

"ಶೇಷ ಎಷ್ಟು?"

ಮಹಾನಂದಾ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.

"ಒಂಬತ್ತು ಮಂದಿ" ಎಂದಳು.